ಲೀತಾಳ ಪಾತಿಯ ಒಣ ಎಲೆ

ನೆಬ್ರಾಸ್ಕದ ಆ ಸಣ್ಣ ಊರಿನ ಐರಿಸ್ ಹೂವಿನ ಸಂಘ ಸೇರುತ್ತಿದ್ದುದು ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ. ಮೊದಲು ಪ್ರಾರ್ಥನೆ, ಆಮೇಲೆ ಪೈ ಎಂಬ ಸಿಹಿತಿಂಡಿ, ಕಡೆಗೆ ಹೂವಿನ ಮಾತು. ದೇವರಿಗೆ ಎರಡು ಮಾತು, ಹೊಟ್ಟೆಗೆ ಅರ್ಧ ಗಂಟೆ ಎಂದು ಆಲ್ಡನ್ ಕ್ರೂಸ್ ಒಳಗೇ ಮೂದಲಿಸಿದ. ಹೆಂಡತಿ ಲೀತಾ ಬದುಕಿದ್ದಷ್ಟು ದಿನ ಅವನು ಈ ಮೆಟ್ಟಿಲು ಇಳಿದವನಲ್ಲ.

ಹೋದ ಅಕ್ಟೋಬರಿನಲ್ಲಿ ಅವಳನ್ನು ದೇವರು ಕರೆದುಕೊಂಡ. ಅವಳೇ ಎರಡು ತಳಿ ಬೆರೆಸಿ ಬೀಜ ಕಟ್ಟಿಸಿ ಬೆಳೆಸಿ, ಹೆಸರಿಡುವ ಮೊದಲೇ ಬಿಟ್ಟುಹೋದ ಐರಿಸ್ ಹಿತ್ತಲಲ್ಲಿ ಒಂದೇ ಒಂದು ಬುಡವಾಗಿ ಉಳಿದಿತ್ತು. ಈ ಮೇ ತಿಂಗಳಲ್ಲಿ ಅದರ ಎಲೆಯಂಚು ಗರಗಸದ ಹಲ್ಲಿನಂತಾಗಿ ರಸ ಒಸರತೊಡಗಿತ್ತು. ಲೋಕದಲ್ಲಿ ಬೇರೆಲ್ಲೂ ಇಲ್ಲದ ಹೂವು, ಹೋದರೆ ಹೋಯಿತು. ಅದಕ್ಕೇ ಬಂದಿದ್ದ.

ಸಂಘದ ಅಧ್ಯಕ್ಷೆ ಡೋರ್ಕಸ್ ಅವನು ತಂದ ಎಲೆಯನ್ನು ದೀಪಕ್ಕೆ ಹಿಡಿದಳು. "ಕೊರೆಹುಳಾನೇ. ಎಲ್ರೂ ಅವರವರ ಅನುಭವ ಹೇಳಿ, ನೋಡೋಣ."

"ನಾನು ಸೋಪಿನ ನೀರು ಎರಚ್ತೀನಪ್ಪ," ಎಂದ ಅಂಚೆಯಲ್ಲಿದ್ದು ನಿವೃತ್ತನಾದ ವೆಂಡೆಲ್. "ಹುಳ ಸಾಯುತ್ತೋ ಇಲ್ವೋ, ಎಲೆ ಮಾತ್ರ ಪಳಪಳ ಅನ್ನುತ್ತೆ."

"ನಾನು ನುಸಿಗುಳಿಗೆ ಹೂಳ್ತೀನಿ," ಎಂದಳು ಡೋರ್ಕಸ್.

"ಅದಕ್ಕೇ ನಿನ್ನ ಹೂವು ನಮ್ಮಜ್ಜನ ಕೋಟಿನ ಥರ ನಾರೋದು!" ಎಂದ ವೆಂಡೆಲ್.

ಎಲ್ಲರೂ ನಕ್ಕರು. ಆಲ್ಡನ್ ನಗಲಿಲ್ಲ. ಮನೆಗೆ ಬೆಂಕಿ ಬಿದ್ದಿದೆ ಎಂದು ಓಡಿಬಂದರೆ ಚಳಿ ಕಾಯಿಸಿಕೊಳ್ಳುವ ಜನ. ಇವರಿಗೊಂದು ಸಂಘ, ಅದಕ್ಕೊಬ್ಬಳು ಅಧ್ಯಕ್ಷೆ!

ಲೀತಾಳ ಹಳೆಯ ಗೆಳತಿ ಹಲ್ಡಾ ಬಾಯಿತುಂಬ ಪೈ ಇಟ್ಟುಕೊಂಡೇ ಕೇಳಿದಳು: "ಆಲ್ಡನ್, ಹಿಮ ಬೀಳೋಕೆ ಮುಂಚೆ ಒಣ ಎಲೆ ಕಿತ್ತು ಸುಟ್ಟಿದ್ಯಾ?"

"ಇಲ್ಲ. ಅವಳು ಕೊನೇ ಸಲ ಮುಟ್ಟಿದ ಪಾತಿ. ಹಾಗೇ ಬಿಟ್ಟಿದೀನಿ."

"ಪತಂಗ ಮೊಟ್ಟೆ ಇಡೋದೇ ಆ ಒಣ ಎಲೆ ಮೇಲೆ ಮಾರಾಯಾ. ಚಳಿಗಾಲ ಪೂರ್ತಿ ಹೊದಿಸಿ ಸಾಕಿದೀಯ."

"ಹಾಗಾದ್ರೆ ಆಗಲೇ ಹೇಳೋಕೆ ಏನಾಗಿತ್ತು?"

"ಹೇಳೋಕೆ ಬಿಟ್ಯಾ? ಮಣ್ಣು ಮಾಡಿದ ವಾರ ಬುಟ್ಟಿ ಹಿಡ್ಕೊಂಡು ಬಂದ್ವಿ. 'ಗೋರಿ ಮಣ್ಣು ಆರೋಕೆ ಮುಂಚೆ ಗೆಡ್ಡೆ ಕದಿಯೋಕೆ ಬಂದ್ರಾ' ಅಂತ ಗೇಟು ಹಾಕ್ಕೊಂಡೆ. ಬುಟ್ಟಿ ತಂದಿದ್ದು ಒಣ ಎಲೆಗೆ ಕಣೋ. ಲೀತಾನೇ ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು ಕೇಳ್ಕೊಂಡಿದ್ದು."

ಆಲ್ಡನ್ನನಿಗೆ ಬೈಗುಳ ಬಾಯಿಗೆ ಬಂತು. ಯಾರ ಮೇಲೆ ಬಿಡುವುದೆಂದು ತಿಳಿಯಲಿಲ್ಲ.

ಸಭೆ ಅಲ್ಲಿಗೇ ಎದ್ದಿತು. ಉಳಿದ ಪೈಯನ್ನೂ ಹೊತ್ತುಕೊಂಡು ಎಲ್ಲರೂ ಅವನ ಹಿತ್ತಲಿಗೆ ಬಂದು ಮಂಡಿಯೂರಿದರು. ಒಂದೊಂದೇ ಎಲೆಯನ್ನು ಮೇಲಿನಿಂದ ಬುಡದವರೆಗೆ, ಒಳಗಿನ ಹುಳ ಸಾಯುವ ಹಾಗೆ ಬೆರಳಿನಲ್ಲಿ ಹಿಂಡುತ್ತ ಬಂದರು.

"ದೊಡ್ಡ ದೊಡ್ಡ ಪಂಡಿತರು ಕೂತು ಕಂಡುಹಿಡಿದ ವಿದ್ಯೆ ಇದೇನಾ? ಹಿಸುಕೋದು?" ಎಂದ ಆಲ್ಡನ್.

"ಬಾಯಿ ಸಾಕು, ಬೆರಳು ಆಡ್ಸು," ಎಂದಳು ಹಲ್ಡಾ. "ಹುಳ ಗೆಡ್ಡೆಗೆ ಇಳಿದ್ರೆ ಕೊಳೆತೇ ಹೋಗುತ್ತೆ."

ಅವನೂ ಮಂಡಿಯೂರಿದ. ಎಲೆಯ ಮಡಿಕೆಯೊಳಗೆ ಮೆತ್ತನೆಯದೇನೋ ಬೆರಳಿಗೆ ಸಿಕ್ಕಿತು. ಹಿಂಡಿದ. ಯಾರೂ ನೋಡದ ಹಾಗೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಸಂಜೆಯಾಗುವ ಹೊತ್ತಿಗೆ ಹಲ್ಡಾ ಬುಡವನ್ನು ಒತ್ತಿ ನೋಡಿದಳು. "ಗೆಡ್ಡೆ ಗಟ್ಟಿಯಾಗಿದೆ. ಬದುಕುತ್ತೆ. ಅಕ್ಟೋಬರಿಗೆ ಒಣ ಎಲೆ ಕೀಳೋಕೆ ಬರ್ತೀವಿ."

ಆಲ್ಡನ್ ಸೊಂಟ ಹಿಡಿದುಕೊಂಡು ಎದ್ದು ಗೇಟು ತೆರೆದ.

"ಬರೋದಾದ್ರೆ ದೊಡ್ಡ ಬುಟ್ಟಿ ತನ್ನಿ," ಎಂದು ಗೊಣಗಿದ. "ಹೋದ ಸಲ ತಂದಿದ್ದು ಏನಕ್ಕೂ ಸಾಲ್ತಿರಲಿಲ್ಲ."