ಹಳೇ ಊರಿನ ಮೇಲೆ ಲಂಗರು

ಎರಡನೆಯ ಸಲ ಪಂಖ ಮುಳುಗಿದ ಮರದ ಬೊಡ್ಡೆಗೆ ಬಡಿದಾಗ ಮೋಟಾರು ನಿಲ್ಲಲಿಲ್ಲ. ಭರ್ರೆಂದು ಇನ್ನಷ್ಟು ಜೋರಾಗಿ ತಿರುಗತೊಡಗಿತು. ದೋಣಿ ಮಾತ್ರ ಮುಂದೆ ಹೋಗಲಿಲ್ಲ. ಆ ಸದ್ದಿನಿಂದಲೇ ದುರಗವ್ವನಿಗೆ ಗೊತ್ತಾಯಿತು. ಪಂಖವನ್ನು ಹಿಡಿದಿಡುವ ಹಿತ್ತಾಳೆಯ ಪಿನ್ನು ಮೊದಲ ಪೆಟ್ಟಿಗೇ ಮುರಿದಿತ್ತು. ಅದು ಮುರಿಯಲೆಂದೇ ಮಾಡಿದ ಪಿನ್ನು. ತಾನು ಮುರಿದು ಮೋಟಾರನ್ನು ಉಳಿಸುತ್ತದೆ. ಬದಲಿ ಪಿನ್ನು ಇರದೆ ಅವಳು ಆ ತೂತಿಗೆ ಕಬ್ಬಿಣದ ಮೊಳೆ ಬಡಿದಿದ್ದಳು. ಮೊಳೆ ಈಗಲೂ ಗಟ್ಟಿಯಾಗಿತ್ತು. ಮೋಟಾರಿನೊಳಗಿನ ಗೇರಿನ ಹಲ್ಲುಗಳು ಹೋಗಿದ್ದವು.

ಅವಳು ಮೋಟಾರು ಬಂದ್ ಮಾಡಿದಳು. ಆಗ ಗಾಳಿಯ ಸದ್ದು ಪೂರ್ತಿ ಕೇಳಿಸಿತು.

ಚಿತ್ತಿ ಮಳೆಯ ಗಾಳಿ ಮೂಡಣದಿಂದ ಬರುತ್ತಿತ್ತು. ಆಲಮಟ್ಟಿಯ ಹಿನ್ನೀರು ಈ ಹಂಗಾಮಿನಲ್ಲಿ ತುಂಬಿಕೊಂಡು ಆಚೆ ದಂಡೆ ಕಾಣದಷ್ಟು ಹರಡುತ್ತದೆ. ಅಷ್ಟು ದೂರ ಯಾವ ಅಡ್ಡಿಯೂ ಇಲ್ಲದೆ ಓಡಿಬಂದ ಗಾಳಿ ನೀರನ್ನು ಎದೆಯೆತ್ತರಕ್ಕೆ ಎಬ್ಬಿಸುತ್ತಿತ್ತು. ದೋಣಿ ಅಡ್ಡ ತಿರುಗಿತು. ಒಂದು ತೆರೆ ಪೂರ್ತಿ ಒಳಗೆ ಬಿದ್ದು, ಹಿಡಿದಿಟ್ಟ ಮೀನುಗಳು ಅವಳ ಕಾಲ ಸುತ್ತ ತೇಲಿದವು. ಪಡುವಣಕ್ಕೆ, ಗಾಳಿ ನೂಕುತ್ತಿದ್ದ ಕಡೆಗೆ, ಮುಳುಗಿದ ಜಾಲಿಯ ಕಾಡಿತ್ತು. ಸತ್ತ ಮರಗಳ ತುದಿಗಳು ನೀರಿನ ಮೇಲೆ ಈಟಿಗಳಂತೆ ನಿಂತಿದ್ದವು. ಫೈಬರ್ ದೋಣಿಗೆ ಅಲ್ಲಿ ಎರಡು ಪೆಟ್ಟು ಸಾಕು. ಒಡೆದರೆ ಈಜಿ ಪಾರಾಗುವ ಜಾಗವಲ್ಲ ಅದು. ಹೋದ ವರ್ಷ ಅಲ್ಲಿ ಸಿಕ್ಕವನ ಹೆಣವನ್ನು ಮುಳ್ಳಿನಿಂದ ಬಿಡಿಸಿ ತೆಗೆಯಬೇಕಾಗಿತ್ತು.

ದುರಗವ್ವ ಹುಟ್ಟು ಮುಟ್ಟಲಿಲ್ಲ. ಈ ಗಾಳಿಗೆ ಎದುರಾಗಿ ಒಬ್ಬಳೇ ಹುಟ್ಟು ಹಾಕಿದರೆ ತೋಳು ಸೋಲುತ್ತದೆಯೇ ಹೊರತು ದೋಣಿ ಮುಂದೆ ಹೋಗುವುದಿಲ್ಲ ಎಂಬುದು ಅವಳಿಗೆ ತಿಳಿದಿತ್ತು. ಆಗಷ್ಟೇ ಎತ್ತಿದ್ದ ಒದ್ದೆ ಬಲೆಯನ್ನು ಗಂಟುಕಟ್ಟಿ, ಹಗ್ಗದಿಂದ ದೋಣಿಯ ಮೂತಿಗೆ ಬಿಗಿದು ನೀರಿಗೆ ಎಸೆದಳು. ನೆನೆದ ಬಲೆ ನೀರನ್ನು ಹಿಡಿದು ಹಿಂದಕ್ಕೆ ಎಳೆಯಿತು. ಎಳೆದ ಕಡೆಗೆ ಮೂತಿ ತಿರುಗಿತು. ತೆರೆಗಳು ಈಗ ಪಕ್ಕಕ್ಕೆ ಬಡಿಯದೆ ಎದುರಿಗೆ ಬಂದು ಸೀಳಿಹೋದವು. ದೋಣಿ ಇನ್ನೂ ಜಾಲಿಯ ಕಡೆಗೇ ಸರಿಯುತ್ತಿತ್ತು, ಆದರೆ ನಿಧಾನಕ್ಕೆ. ಅವಳು ಡಬ್ಬಿ ಹಿಡಿದು ನೀರು ಚೆಲ್ಲತೊಡಗಿದಳು.

ಕೊರಳಲ್ಲಿ ಪ್ಲಾಸ್ಟಿಕ್ ಚೀಲದೊಳಗಿದ್ದ ಫೋನು ನಡುಗಿತು. ಗಂಡ ಮಲಕಪ್ಪ. ನಲವತ್ತು ವರ್ಷ ನೀರಿನ ಮೇಲೆ ಕಾಲು ಜಾರದವನು ಹುನಗುಂದದಲ್ಲಿ ಬಸ್ಸಿನ ಮೆಟ್ಟಿಲು ತಪ್ಪಿ ಕಾಲು ಮುರಿದುಕೊಂಡಿದ್ದ. ಅಂದಿನಿಂದ ದುರಗವ್ವ ಒಬ್ಬಳೇ ದೋಣಿ ಒಯ್ಯುತ್ತಿದ್ದಳು.

"ಎಲ್ಲದಿ?" ಎಂದ.

"ನಿಮ್ಮ ಸೋದರಮಾವನ ಮನ್ಯಾಗ. ಎಲ್ಲಿರ್ತೇನಿ? ನೀರಾಗ ಅದೀನಿ."

"ಮೋಟಾರ ಸಪ್ಪಳ ಕೇಳವಲ್ದು?"

"ಸತ್ತೈತಿ. ಮೊಳಿ ಬಡದಿದ್ನಿ, ಹಲ್ಲ ಹೋದ್ವು."

ಮೊಳೆ ಹಾಕಬಾರದೆಂದು ಅವಳಿಗೆ ಕಲಿಸಿಕೊಟ್ಟವನೇ ಮಲಕಪ್ಪ. ಈಗ ಆ ಮಾತು ಎತ್ತಲಿಲ್ಲ. "ಮೀನ ವ್ಯಾಪಾರದ ಅಯೂಬಗ ಹೇಳೇನಿ. ದಂಡ್ಯಾಗ ದೊಡ್ಡ ದೋಣಿ ತಗೊಂಡ ನಿಂತಾನ. ಗಾಳಿ ಇಳಿದ ಕೂಡ್ಲೆ ಬರ್ತಾನ."

"ಅಲ್ಲೀತನಕ ಬರಬ್ಯಾಡ ಅನ್ರಿ. ಇಬ್ರೂ ಹೋಗೂದ ಬ್ಯಾಡ."

"ಏ ಹುಚ್ಚಿ, ಹೋಗೂ ಮಾತ್ಯಾಕ ಆಡ್ತಿ? ಲಂಗರ ಒಗಿ."

"ಎಲ್ಲೆ ಒಗೀಲಿ? ಕೆಳಗ ಎರಿ ಮಣ್ಣಿನ ರಾಡಿ. ಬೆಣ್ಣ್ಯಾಗ ಬೆರಳ ಆಡಿಸಿದಂಗ ಬರತೈತಿ."

"ಊರ ಮ್ಯಾಲೆ ಒಗಿ. ಅಗಸಿ ಬುಡಕ್ಕ. ಆನಿ ಕಟ್ಟಿದ್ರೂ ಅಲಗೂದಿಲ್ಲ ಆ ಕಲ್ಲು."

ಅದು ಸರಿ ಎನಿಸಿತು. ಅವರ ಹಳೇ ಊರು ಅಲ್ಲೇ, ಜಾಲಿ ಕಾಡಿಗಿಂತ ಈಚೆಗೆ, ನೀರಿನಡಿಯಲ್ಲಿತ್ತು. ದುರಗವ್ವ ಮಳೆಯ ತೆರೆ ಸ್ವಲ್ಪ ಸರಿಯುವುದನ್ನು ಕಾದಳು. ಗುಡ್ಡದ ಮೇಲಿನ ಟವರು ಬೆನ್ನಿಗೆ ನೇರ ಬಂದು, ಎಡಗಡೆಯ ನೀರೆತ್ತುವ ಜಾಕ್‌ವೆಲ್ಲಿನ ಗೋಪುರ ಎಡಭುಜಕ್ಕೆ ಬಂದರೆ ಕೆಳಗೆ ಊರ ಹೆಬ್ಬಾಗಿಲು, ಅಗಸಿ. ಎರಡು ಗುರುತುಗಳು ಒಂದು ಜಾಗದಲ್ಲಷ್ಟೇ ಹಾಗೆ ಕೂಡುತ್ತವೆ. ಕೂಡಿದ ಕ್ಷಣದಲ್ಲಿ ಲಂಗರು ಬಿಟ್ಟಳು. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯ ಮಾದರಿಯಲ್ಲೇ ಕಮ್ಮಾರನಿಂದ ದೊಡ್ಡದಾಗಿ ಮಾಡಿಸಿದ ಲಂಗರು ಅದು. ನಾಲ್ಕೂ ಕಡೆ ಕೊಕ್ಕೆ. ಅದು ಕೆಳಗೆ ಕೂತಿತು, ಎಳೆಯಿತು, ಜಾರಿತು. ಮತ್ತೆ ಎಳೆಯಿತು, ಮತ್ತೆ ಜಾರಿತು. ಹಗ್ಗದ ಮೇಲಿಟ್ಟ ಅಂಗೈಗೆ ಮೆತ್ತನೆಯ ಹೂಳಷ್ಟೇ ತಿಳಿಯಿತು.

"ಹಿಡೀವಲ್ದು!" ಎಂದು ಫೋನಿನಲ್ಲಿ ಕೂಗಿದಳು.

"ಅಗಸಿ ಬುಡಕ್ಕಽ ಒಗದಿಯಿಲ್ಲೊ?"

"ಬುಡಕ್ಕಽ ಒಗದೇನಿ. ನನಗ ಅಗಸಿ ಗುರ್ತ ಇಲ್ಲೇನು?"

ಆ ಕಡೆ ಮಳೆಯ ಸದ್ದು ಮಾತ್ರ ಕೇಳುತ್ತಿತ್ತು, ಕಲ್ಲಿನ ಮಾಡಿನ ಕೆಳಗೆ ನಿಂತವರಿಗೆ ಕೇಳುವಂಥ ಗುಂಯ್ ಎನ್ನುವ ಸದ್ದು. ಆಮೇಲೆ ಮಲಕಪ್ಪನ ದನಿ ಸಣ್ಣಗೆ ಬಂತು.

"ದುರಗೀ... ಅಗಸಿ ಅಲ್ಲಿಲ್ಲ. ಇಲ್ಲೈತಿ. ಮಳಿ ಬಂತಂತ ನಾ ಕೋಲ ಊರಿ ಅದರ ಕೆಳಗಽ ನಿಂತೇನಿ."

ಅಣೆಕಟ್ಟಿನ ನೀರು ಏರುವ ಮುಂಚೆ ಊರು ಎತ್ತುವಾಗ ಜನ ಬಾಗಿಲುಚೌಕಟ್ಟು, ತೊಲೆ, ಬೀಸುಕಲ್ಲು ಎಲ್ಲ ಹೊತ್ತು ತಂದಿದ್ದರು. ಅಗಸಿಯ ಕಲ್ಲುಗಳಿಗೆ ಸುಣ್ಣದಲ್ಲಿ ಅಂಕಿ ಬರೆದು, ಬಿಚ್ಚಿ, ಟ್ರ್ಯಾಕ್ಟರಿನಲ್ಲಿ ತಂದು ಹೊಸ ಊರಿನ ಬಾಯಲ್ಲಿ ಅದೇ ಕ್ರಮದಲ್ಲಿ ನಿಲ್ಲಿಸಿದ್ದರು. ಆ ದಿನ ಆರತಿ ಹಿಡಿದು ಮುಂದೆ ನಡೆದವರಲ್ಲಿ ದುರಗವ್ವನೂ ಒಬ್ಬಳು. ಈಗಲೂ ದಿನಾ ಅದರ ಕೆಳಗೇ ಹಾದು ದೋಣಿಗೆ ಬರುತ್ತಾಳೆ. ಆದರೆ ನೀರಿನ ಮೇಲಿರುವಾಗ ಅವರಿಬ್ಬರಿಗೂ ಕೆಳಗಿನ ಊರು ಇಡಿಯಾಗಿಯೇ ಇತ್ತು. ಬಲೆ ಬಿಡುವಾಗ ಈಗಲೂ "ಚಾವಡಿ ಮ್ಯಾಲೆ ಬಿಟ್ಟೆ", "ಗೌಡರ ಹಿತ್ತಲದಾಗ ಮೀನ ಬಿದ್ದಾವ" ಎನ್ನುತ್ತಿದ್ದರು.

ದುರಗವ್ವನಿಗೆ ನಗು ಬಂತು. ಬಾಯಿಗೆ ನೀರು ಹೊಕ್ಕು ಕೆಮ್ಮಿದಳು. "ಮತ್ತ ಏನ ಬಿಟ್ಟ ಬಂದೇವ್ರೀ ನಾವು? ಲಗೂನ ನೆನಸ್ರಿ."

"ಏನ ಬಿಟ್ಟೇವು? ಗುಡಿ ಹನಮಪ್ಪನ್ನ ತಂದ್ವಿ, ಒಳ್ಳಕಲ್ಲ ತಂದ್ವಿ, ಕಟ್ಟಿ ಹಾಸಗಲ್ಲ ಸೈತ..." ಅಷ್ಟರಲ್ಲಿ ಫೋನು ಸತ್ತಿತು. ಚೀಲದೊಳಗೆ ನೀರು ಹೊಕ್ಕಿತ್ತು.

ಅವಳು ಹೂಳಿನಿಂದ ಲಂಗರು ಎತ್ತತೊಡಗಿದಳು. ಅಂಗೈ ಸುಲಿಯಿತು. ಎಳೆಯುತ್ತಲೇ, ಅಗಸಿಯಿಂದ ಒಳಗೆ ಹೋಗುವ ಓಣಿಯನ್ನು ಮನಸ್ಸಿನಲ್ಲಿ ನಡೆದಳು. ಎಡಕ್ಕೆ ಚಾವಡಿ; ಅದರ ಕಂಬಗಳು ಈಗ ಹೊಸ ಊರಿನ ಶಾಲೆಯಲ್ಲಿವೆ. ಗರಡಿಮನೆ, ಅದು ಮಣ್ಣು, ಕರಗಿರುತ್ತದೆ. ಓಣಿ ಮುಗಿದ ಮೇಲೆ ಇಳಿಜಾರು. ಅಲ್ಲಿ ಮದುಮಗಳಾಗಿ ಬಂದ ವಾರವೇ ಕೊಡ ಒಡೆದುಕೊಂಡಿದ್ದಳು. ಇಳಿಜಾರಿನ ಬುಡದಲ್ಲಿ...

ಬಾವಿ. ಬಾವಿಯನ್ನು ಹೊತ್ತು ತರಲು ಯಾರಿಂದ ಆಗುತ್ತದೆ?

ಸೀನೀರ ಬಾವಿಗೆ ಒಳಗಿನಿಂದ ಕಲ್ಲು ಕಟ್ಟಿದ್ದರು. ಒಂದು ಮಗ್ಗುಲಿಗೆ ಇಳಿಯಲು ಪಾವಟಿಗೆಗಳಿದ್ದವು. ಹೂಳು ತುಂಬಿರಬಹುದು. ಎಷ್ಟು ತುಂಬಿದೆಯೆಂದು ಹೇಳುವವರಿಲ್ಲ. ಆದರೆ ಅದು ಗಾಳಿಯ ದಾರಿಯಲ್ಲಿರಲಿಲ್ಲ, ಬಡಗಣಕ್ಕೆ ಸರಿದಿತ್ತು. ಹೀಗೇ ತೇಲಿದರೆ ಅದರ ಪಕ್ಕದಿಂದ ಹಾದು ನೇರ ಜಾಲಿಗೆ ಹೋಗುವುದು. ಅಲ್ಲಿಗೆ ಮುಟ್ಟಬೇಕಾದರೆ ಅಡ್ಡ ಹುಟ್ಟು ಹಾಕಬೇಕು. ಅಡ್ಡ ಹಾಕಬೇಕಾದರೆ, ಇಷ್ಟು ಹೊತ್ತು ತನ್ನನ್ನು ಕಾಯ್ದಿದ್ದ ಬಲೆಯನ್ನು ಬಿಡಬೇಕು.

ಅವಳು ಕುಡುಗೋಲು ತೆಗೆದು ಬಲೆಯ ಹಗ್ಗ ಕೊಯ್ದಳು.

ಕೂಡಲೇ ದೋಣಿ ಅಡ್ಡಬಿತ್ತು. ದುರಗವ್ವ ಮೊಣಕಾಲೂರಿ ಕೂತು ಹುಟ್ಟು ಹಾಕಿದಳು. ತೆರೆ ಏರುವಾಗ ಹುಟ್ಟೆತ್ತಿ, ಮೈಯನ್ನು ಗಾಳಿಯ ಕಡೆಗೆ ವಾಲಿಸಿ ದೋಣಿಯನ್ನು ಹಿಡಿದಳು. ತೆರೆ ಇಳಿದು ಎರಡರ ನಡುವೆ ಸಿಕ್ಕ ತಗ್ಗಿನಲ್ಲಷ್ಟೇ ಎಳೆದಳು. ತೆರೆಯೊಡನೆ ಜಗಳಾಡಲಿಲ್ಲ, ಅದು ಬಿಟ್ಟುಕೊಟ್ಟ ಹೊತ್ತನ್ನು ಬಿಡಲೂ ಇಲ್ಲ. ಸೀರೆಯ ಕಚ್ಚೆ ಬಿಚ್ಚಿ ಕಾಲಿಗೆ ಸುತ್ತಿಕೊಂಡಿತು. ಅದನ್ನು ಸರಿಮಾಡಲು ಕೈ ಬಿಡಲಿಲ್ಲ. ನೀರು ಮೊಣಕಾಲಿನಿಂದ ತೊಡೆಗೆ ಏರಿತು. ಮಳೆ ಗುರುತುಗಳನ್ನು ನುಂಗಿಬಿಟ್ಟಿತ್ತು, ಉಳಿದದ್ದು ಹಗ್ಗವೊಂದೇ. ಆಗಾಗ ಲಂಗರನ್ನು ಇಳಿಬಿಟ್ಟು ಆಳ ನೋಡುತ್ತಿದ್ದಳು. ಊರ ದಿಬ್ಬದ ಮೇಲೆ ಹಗ್ಗ ಬೇಗ ಸಡಿಲಾಗುತ್ತಿತ್ತು. ಆಮೇಲೆ ಸ್ವಲ್ಪ ಹೆಚ್ಚು ಇಳಿಯಿತು. ಇಳಿಜಾರು ಇದು. ಇನ್ನೂ ಹೆಚ್ಚು. ಹಿಂದೆ ತಿರುಗಿ ನೋಡಲಿಲ್ಲ. ಜಾಲಿಯ ಕೊಂಬೆಗಳಲ್ಲಿ ಗಾಳಿ ಸಿಳ್ಳು ಹಾಕುವುದು ಕಿವಿಗೇ ಬೀಳುತ್ತಿತ್ತು.

ಮತ್ತೊಮ್ಮೆ ಇಳಿಬಿಟ್ಟಳು. ಹಗ್ಗ ಸಡಿಲಾಗಲಿಲ್ಲ. ಬೆರಳುಗಳ ನಡುವಿನಿಂದ ಓಡುತ್ತಲೇ ಹೋಯಿತು.

ದುರಗವ್ವ ಹುಟ್ಟನ್ನು ಒಳಗೆಸೆದು ಹಗ್ಗದ ತುದಿಯನ್ನು ಮೂತಿಯ ಬಳೆಗೆ ಸುತ್ತಿದಳು. ಗಾಳಿ ದೋಣಿಯನ್ನು ನೂಕಿತು, ಹಗ್ಗ ಓರೆಯಾಯಿತು. ಕೆಳಗೆ ಕಬ್ಬಿಣ ಕಲ್ಲನ್ನು ಕೆರೆದದ್ದು ಹಲ್ಲಿಗೆ ತಿಳಿಯಿತು. ಒಮ್ಮೆ ತಪ್ಪಿತು. ಆಮೇಲೆ ಹಗ್ಗ ಟಣ್ಣನೆ ಬಿಗಿದು ಅದರ ನೀರೆಲ್ಲ ಹನಿಹನಿಯಾಗಿ ಸಿಡಿಯಿತು. ದೋಣಿ ಮೂತಿ ತಿರುಗಿಸಿ ಗಾಳಿಗೆ ಎದುರಾಗಿ ನಿಂತಿತು. ಹತ್ತಿರದ ಜಾಲಿಯ ತುದಿ ಒಂದು ಹುಟ್ಟಿನಳತೆ ದೂರದಲ್ಲಿತ್ತು.

ಅವಳು ಅಳಲಿಲ್ಲ, ದೇವರ ಹೆಸರೂ ಎತ್ತಲಿಲ್ಲ. ಹಗ್ಗ ಬಳೆಗೆ ತಿಕ್ಕಿ ಸವೆಯುವುದನ್ನು ಕಂಡು, ಸೆರಗು ಹರಿದು ಅಲ್ಲಿ ಸುತ್ತಿದಳು. ಆಮೇಲೆ ಡಬ್ಬಿ ಹುಡುಕಿ ನೀರು ಚೆಲ್ಲಲು ಕೂತಳು.

ಸಂಜೆಗೆ ಮುಂಚೆ ಗಾಳಿ ಸೋತಿತು. ಬಾಗಲಕೋಟೆಯಲ್ಲಿ ಮೀನಿನ ವ್ಯಾಪಾರ ಮಾಡುವ ಅಯೂಬ ದೊಡ್ಡ ದೋಣಿಯಲ್ಲಿ ದೂರದಿಂದಲೇ ಕೂಗುತ್ತ ಬಂದ. "ದುರಗವ್ವಕ್ಕಾ! ಜೀವಂತ ಅದಿಯೇನಬೇ?"

"ಇಲ್ಲಪಾ, ದೆವ್ವ ಆಗೇನಿ. ಹಗ್ಗ ಒಗಿ."

ಅವನು ಜಾಲಿಯ ತುದಿಯನ್ನೂ ದೋಣಿಯನ್ನೂ ಮತ್ತೆ ಮತ್ತೆ ನೋಡಿದ. ತಲೆಯ ಮೇಲಿನ ಟೊಪ್ಪಿಗೆ ತೆಗೆದು ಹಿಂಡಿದ. ಇಬ್ಬರೂ ಸೇರಿ ಎಳೆದರೂ ಲಂಗರು ಮೇಲೆ ಬರಲಿಲ್ಲ. ಕೊನೆಗೆ ದುರಗವ್ವನೇ ಹಗ್ಗ ಕೊಯ್ದಳು.

"ನಿನ್ನ ಗಂಡ ಅಗಸ್ಯಾಗ ಕುಂತ ಕಂಡ ಕಂಡವ್ರನ್ನ ಬೈಯಾಕತ್ತಾನಕ್ಕ. ಲಗೂ ಹೋಗೂಣು," ಎಂದು ಅಯೂಬ ಅವಳ ದೋಣಿಯನ್ನು ತನ್ನದಕ್ಕೆ ಬಿಗಿದು ಮೋಟಾರು ಎಬ್ಬಿಸಿದ, ನೇರ ದಂಡೆಯ ಕಡೆಗೆ ಮೂತಿ ತಿರುಗಿಸಿದ.

"ಹಂಗ ಹಾಯಬ್ಯಾಡ. ಬಳಸಿ ಹೋಗು."

"ಯಾಕ? ಇಲ್ಲಿ ಭಾಳ ಆಳೈತಿ. ದೋಣಿಗೆ ಏನೂ ಹತ್ತೂದಿಲ್ಲ."

"ನನ್ನ ಹಿಡದಿಟ್ಟ ಬಾವಿ ಐತಿ ಅಲ್ಲೆ. ಬಳಸಿ ಹೋಗು."

ಅಯೂಬ ಬಗ್ಗಿ ನೋಡಿದ. ಕಂದು ನೀರು, ಅದರ ಮೇಲೆ ಮೋಡ ಹರಿದ ಸಂದಿಯ ಬೆಳಕು. ಅವನು ಹಿಡಿಕೆ ತಿರುಗಿಸಿದ. ಒಂದರ ಹಿಂದೊಂದು ಎರಡು ದೋಣಿಗಳು, ಬರೀ ನೀರಿದ್ದ ಆ ಜಾಗವನ್ನು ದೂರದಿಂದ ಬಳಸಿ, ದಂಡೆಯ ಕಡೆಗೆ ಹೊರಟವು.