ಎಲುಬಿನ ಡಾಕ್ಟರ ಸೊಟ್ಟ ಮೇಪಲ್

ಡಾಕ್ಟರ್ ಚನ್ನಬಸಪ್ಪನವರು ಯಾರನ್ನೇ ಆಗಲಿ ಮೊದಲು ನೋಡುವುದು ಕಾಲನ್ನು. ಮುಖದ ಸರದಿ ಆಮೇಲೆ. ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ಇಂಡಿಯನ್ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಕೊತ್ತಂಬರಿ ಕಟ್ಟು ಹಿಡಿದು ಬರುತ್ತಿದ್ದ ನನಗೆ ಅವರ ಪರಿಚಯವಾದದ್ದೂ ಹಾಗೆಯೇ. ನಮಸ್ಕಾರವಿಲ್ಲ, ಹೆಸರು ಕೇಳಲಿಲ್ಲ, "ಎಡಗಾಲು ಯಾಕ ಎಳೀತೀರಿ?" ಎಂದರು. ಮನೆಗೆ ಬಂದು ನೋಡಿದರೆ ನನ್ನ ಎಡ ಚಪ್ಪಲಿಯ ಹಿಮ್ಮಡಿ ನಿಜಕ್ಕೂ ಸವೆದಿತ್ತು! ಆಯುಷ್ಯವಿಡೀ ಹ್ಯೂಸ್ಟನ್ನಿನಲ್ಲಿ ಮುರಿದ ಎಲುಬು ಕೂಡಿಸಿದ ಮನುಷ್ಯ. ನಿವೃತ್ತಿಯಾದ ಸುದ್ದಿ ಆ ಕಣ್ಣುಗಳಿಗೂ ಕೈಗಳಿಗೂ ಇನ್ನೂ ತಲುಪಿರಲಿಲ್ಲ. ಊಟಕ್ಕೆ ಕರೆದವರ ಮನೆಯಲ್ಲಿ ಗೋಡೆಯ ಫೋಟೊ ಓರೆಯಾಗಿದ್ದರೆ ತುತ್ತು ಬಿಟ್ಟು ಎದ್ದು ಹೋಗಿ ನೆಟ್ಟಗೆ ಮಾಡುವರು. ಹಿತ್ತಲಿನ ಕೆಲಸಕ್ಕೂ ಆಸ್ಪತ್ರೆಯ ಹಳೆಯ ಬಿಳಿ ಕೋಟನ್ನೇ ತೊಟ್ಟು, ತುಂಬುತೋಳನ್ನು ಮಡಿಸಿಕೊಂಡು, ವಾರ್ಡಿನ ರೌಂಡ್ಸಿಗೆ ಹೊರಟ ಗತ್ತಿನಲ್ಲಿ ಗಿಡಗಳ ನಡುವೆ ಓಡಾಡುವರು.

ಇಂಥವರ ಮನೆಯಲ್ಲೇ ಒಂದು ಓರೆ ಉಳಿದುಕೊಂಡಿತ್ತು. ಹೆಂಡತಿ ಸುಶೀಲಮ್ಮ ಹುಡುಗಿಯಾಗಿದ್ದಾಗ ಅಟ್ಟದ ಏಣಿಯಿಂದ ಬಿದ್ದವರು. ನಾಟಿವೈದ್ಯ ದಬ್ಬೆ ಕಟ್ಟಿದ ಎಲುಬು ತುಸು ಗಿಡ್ಡಾಗಿ ಕೂಡಿ, ಬಲಗಾಲು ಅಂದಿನಿಂದ ಕುಂಟು. ನೋವಿಲ್ಲ, ನುಲಿವಿಲ್ಲ. ಹೆಜ್ಜೆಗೊಮ್ಮೆ ಒಂದು ಮಗ್ಗುಲಿಗೆ ವಾಲಿ ಏಳುವ ಆ ನಡಿಗೆಯಲ್ಲೇ ಆಕೆ ಸಂಸಾರ ಮಾಡಿದರು, ಡ್ರೈವ್ ಮಾಡಿದರು, ಮೊಮ್ಮಕ್ಕಳನ್ನು ಎತ್ತಿ ಆಡಿಸಿದರು. ಡಾಕ್ಟರಿಗೆ ಮಾತ್ರ ಮದುವೆಯಾದಂದಿನಿಂದ ಅದೊಂದೇ ಜಪ: ಆಪರೇಷನ್. ಈ ವರ್ಷವಂತೂ ಡಲ್ಲಾಸಿನಲ್ಲಿರುವ ತಮ್ಮ ಶಿಷ್ಯ, ಸರ್ಜನ್ ಶ್ರೀಶೈಲ್‌ನೊಡನೆ ಮಾತಾಡಿ, ದೀಪಾವಳಿ ಕಳೆದ ಮೇಲೆ ಒಂದು ದಿನವನ್ನೂ ಗೊತ್ತುಮಾಡಿಬಿಟ್ಟರು. ಕಾಲಿನ ಒಡತಿಯನ್ನು ಮಾತ್ರ ಕೇಳಿರಲಿಲ್ಲ.

ಚಳಿಗಾಲದ ಕೊನೆಯಲ್ಲಿ ದ ವುಡ್‌ಲ್ಯಾಂಡ್ಸ್‌ನಲ್ಲಿರುವ ಗೆಳೆಯ ಇರಣ್ಣನವರ ಮನೆಗೆ ಹೋದಾಗ, ಹಿತ್ತಲಾಚೆಯ ಅವರ ಕಾಡುಜಾಗದಲ್ಲಿ ಒಂದು ಮೇಪಲ್ ಗಿಡ ಡಾಕ್ಟರ ಕಣ್ಣಿಗೆ ಬಿತ್ತು. ಎಂದೋ ಮೈಮೇಲೆ ದೊಡ್ಡ ಮರವೊಂದು ಉರುಳಿ, ನೆಲದುದ್ದಕ್ಕೆ ಮಲಗಿ, ಆಮೇಲೆ ಬೆಳಕು ಹುಡುಕಿಕೊಂಡು ಮೇಲೆದ್ದ ಮೊಣಕಾಲೆತ್ತರದ ಗಿಡ. ಅಲ್ಲಿ ಈಜುಕೊಳ ಬರುವುದಿತ್ತು, ಗಿಡ ಹೇಗೂ ಹೋಗುವುದೇ. "ಇದನ್ನ ನಾ ಒಯ್ತೀನಿ" ಎಂದರು ಡಾಕ್ಟರು. ಬೋನ್ಸಾಯ್ ಎಂಬ ಶಬ್ದದ ಹೊರತು, ಕುಂಡದಲ್ಲಿ ಕುಳ್ಳ ಮರ ಬೆಳೆಸುವ ಆ ವಿದ್ಯೆಯ ಗಂಧವೂ ಇಲ್ಲದ ಅವರು ಅದನ್ನು ಬೇರುಸಹಿತ ಅಗೆದು, ಒದ್ದೆ ಟವೆಲ್ಲು ಸುತ್ತಿ, ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದರು. ಸುಶೀಲಮ್ಮ ಹಿಂದೆ ಕೂತರು.

ಮನೆಗೆ ಬಂದದ್ದೇ ತಡ, ಗಿಡ ತೂತಿನ ಟಬ್ಬಿಗೆ ಇಳಿಯಿತು. ಅದರ ಸೊಟ್ಟ ಕಾಂಡಕ್ಕೆ ಆಚೀಚೆ ಬಿದಿರಿನ ದಬ್ಬೆ, ಮೇಲೆ ತಾಮ್ರದ ತಂತಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಡಾಕ್ಟರು ಗಾದೆ ಹೇಳಿದರೆ, ಬಗ್ಗಿದ್ದನ್ನು ನೆಟ್ಟಗೆ ಮಾಡಿರೆಂದು ಗಾದೆ ಎಲ್ಲೂ ಹೇಳಿಲ್ಲವೆಂದು ಸುಶೀಲಮ್ಮ ಅಂದರು. ಆಮೇಲೆ ಆಕೆ ಸಾವಕಾಶವಾಗಿ ಒಂದು ಪಂಥ ಕಟ್ಟಿದರು.

"ದೀಪಾವಳಿಗೆ ಇದು ನೆಟ್ಟಗ ನಿಂತು ಹಸರಾಗಿದ್ರ ನಾ ಡಲ್ಲಾಸಿಗೆ ಬರ್ತೀನ್ರಿ. ಇಲ್ಲಂದ್ರ ನನ್ನ ಕಾಲಿನ ಮಾತು ಈ ಮನ್ಯಾಗ ಮತ್ತೊಮ್ಮೆ ಎತ್ತಬಾರದು."

ಡಾಕ್ಟರು ಒಪ್ಪಿದರು. ವಾರಕ್ಕೊಮ್ಮೆ ತಂತಿಯನ್ನು ಇಷ್ಟಿಷ್ಟೇ ಬಿಗಿ ಮಾಡುತ್ತ ಬಂದರು. ಕಾಂಡ ನೆಟ್ಟಗಾಯಿತು, ಚಿಗುರೂ ಒಡೆಯಿತು. ಹ್ಯೂಸ್ಟನ್ನಿನ ಬಿಸಿಲು ಏರಿದ್ದೇ ಎಲೆಗಳು ಅಂಚಿನಿಂದ ಸುಟ್ಟು ಜೋತುಬಿದ್ದವು. ಕೊನೆಗೆ ಡಾಕ್ಟರು ಹ್ಯೂಸ್ಟನ್ನಿನ ಬೋನ್ಸಾಯ್ ಕ್ಲಬ್ಬೊಂದಕ್ಕೆ ಹೋಗಿ, ಡಾರ್ಲೀನ್ ಎಂಬ ಹಿರಿಯಾಕೆಗೆ ಫೋನಿನಲ್ಲಿದ್ದ, ದಬ್ಬೆ ಕಟ್ಟುವ ಮೊದಲಿನ ಮತ್ತು ಆಮೇಲಿನ ಚಿತ್ರ ತೋರಿಸಿದರು. ಆಕೆ ಎರಡನ್ನೂ ಹಿಗ್ಗಿಸಿ ಹಿಗ್ಗಿಸಿ ನೋಡಿದರಂತೆ. ಇಂಥ ಬಳುಕಿಗಾಗಿ ಜನ ಕಾಡು ಕಾಡು ಅಲೆಯುತ್ತಾರೆ, ಸಿಕ್ಕಿದ್ದನ್ನು ನೀವು ಕೋಲು ಮಾಡಿದಿರಿ ಎಂದರಂತೆ. ಕಾಡಿನಿಂದ ತಂದ ಗಿಡವನ್ನು ಒಂದೆರಡು ವರ್ಷ ಮುಟ್ಟಲೇಬಾರದು. ನೀವು ತಂತಿ ಎಳೆದಾಗಲೆಲ್ಲ ಬುಡ ಅಲುಗಿ ಎಳೆಬೇರು ಹರಿಯುತ್ತಿದೆ. ಬಿಚ್ಚಿದರೆ ಬದುಕಬಹುದು, ಬಿಚ್ಚದಿದ್ದರೆ ನೆಟ್ಟಗೆ ನಿಂತೇ ಸಾಯುತ್ತದೆ ಎಂದೂ ಅಂದರಂತೆ.

ಕಾರು ಓಡಿಸಿಕೊಂಡು ಮರಳುವಾಗ ಡಾಕ್ಟರಿಗೆ ಬಿಚ್ಚುವ ಮನಸ್ಸಿರಲಿಲ್ಲ. ಬಿಚ್ಚಿದರೆ ಪಂಥ ಸೋತಂತೆ. ಇನ್ನಷ್ಟು ದಿನ ನೋಡೋಣ ಎಂದುಕೊಂಡೇ ಮನೆಯ ಪಕ್ಕದ ಗೇಟಿನಿಂದ ಹಿತ್ತಲಿಗೆ ಬಂದರು. ಬಂದವರು ಅಲ್ಲೇ ನಿಂತರು. ಸುಶೀಲಮ್ಮ ಟಬ್ಬನ್ನು ಬಿಸಿಲಿನಿಂದ ಓಕ್ ಮರದ ನೆರಳಿಗೆ ಎಳೆಯುತ್ತಿದ್ದರು, ಗೇಣು ಗೇಣಾಗಿ. ಎಳೆದಾದ ಮೇಲೆ ತಮ್ಮ ಹಳೆಯ ಇಳಕಲ್ ಸೀರೆಯ ತುಂಡನ್ನು ಗಿಡದ ಮೇಲೆ ಚಪ್ಪರದ ಹಾಗೆ ಕಟ್ಟಿ, ಅಂಗೈಯಲ್ಲಿ ನೀರು ಚಿಮುಕಿಸಿದರು. ಟಬ್ಬಿನ ಗೀರುಗಳು ಅಂಗಳದ ಕಲ್ಲಿನ ಮೇಲೆ ಹಲವು ದಿನದವು. ಜೀರುಂಡೆಗಳ ದನಿ ಹಿತ್ತಲನ್ನೆಲ್ಲ ತುಂಬಿತ್ತು; ಸೀರೆಯೊಳಗಿಂದ ಸೋಸಿದ ಬಿಸಿಲು ಗಿಡಕ್ಕೂ ಆಕೆಯ ಕೈಗಳಿಗೂ ಒಂದೇ ಕೆಂಪು ಬಳಿದಿತ್ತು. ಈ ಗಿಡ ಸತ್ತರೆ ಗೆಲ್ಲುವವಳು ಇವಳೇ ಎಂಬುದು ಡಾಕ್ಟರಿಗೆ ಕನಸಿನಲ್ಲಿ ಕಂಡಂತೆ ನಿಧಾನವಾಗಿ ಹೊಳೆಯಿತು.

"ಇದು ಒಣಗಿದ್ರ ನಿನಗ ಛಲೋ ಆಗ್ತಿತ್ತಲ್ಲ, ಸುಶೀಲಾ."

"ಕಾಲು ನಂದು, ಜೀವ ಅದರದು" ಎಂದು ಆಕೆ ನೀರು ಚಿಮುಕಿಸುತ್ತಲೇ ಇದ್ದರು.

ಡಾಕ್ಟರು ಒಳಗೆ ಹೋಗಿ ಬಿಳಿ ಕೋಟು ತೊಟ್ಟು ಬಂದರು. ಎಳೆದರೆ ಬುಡ ಅಲುಗೀತೆಂದು ತಂತಿಯನ್ನು ಸುತ್ತು ಸುತ್ತಿಗೂ ಕತ್ತರಿಸಿ ತೆಗೆದರು, ದಬ್ಬೆ ಕಳಚಿದರು. ಕಾಂಡ ಅವರ ಕಣ್ಣೆದುರೇ, ನಿದ್ದೆಯಲ್ಲಿ ಮಗ್ಗುಲಾಗುವ ಮಗುವಿನಂತೆ, ತನ್ನ ಹಳೆಯ ಸೊಟ್ಟಿಗೆ ಮೆಲ್ಲಗೆ ಮರಳಿತು. ಅವರಿಗೆ ಅಳು ಬಂತು. ಸೋತದ್ದಕ್ಕೆ ಬಂದ ಅಳುವಲ್ಲ ಅದು.

ಆಮೇಲಿನ ದಿನಗಳು ಆ ಕೈಗಳಿಗೆ ಕಠಿಣ ವ್ರತ. ಸಂಜೆ ಸಂಜೆ ಕುರ್ಚಿ ಹಾಕಿಕೊಂಡು, ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡು, ಗಿಡವನ್ನು ಬರಿದೇ ನೋಡುತ್ತ ಕೂರುವರು. ಇರಣ್ಣ ಬಂದು, ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ್ದು ಏನಾಯಿತೆಂದು ಛೇಡಿಸಿದರೂ ಸಿಟ್ಟಾಗಲಿಲ್ಲ. ಸುಟ್ಟ ಎಲೆಗಳೆಲ್ಲ ಉದುರಿ, ಗಿಡ ಬೋಳಾಗಿ, ಇನ್ನು ಮುಗಿಯಿತು ಅಂದುಕೊಂಡಾಗ ಕಾಂಡದ ಬಗ್ಗಿದ ಮೊಣಕಾಲಿನಲ್ಲೇ ಒಂದು ಚಿಗುರು ಕಂಡಿತು.

ದೀಪಾವಳಿಯ ಸಂಜೆ ಶ್ರೀಶೈಲ್ ಡಲ್ಲಾಸಿನಿಂದ ಫೋನ್ ಮಾಡಿ, ಗೊತ್ತುಮಾಡಿದ ದಿನ ಹಾಗೇ ಇರಲೇ ಎಂದು ಕೇಳಿದ. ಬೇಡ, ಬೇರೆ ಯಾರಿಗಾದರೂ ಕೊಡು ಎಂದರು ಡಾಕ್ಟರು. ಮೇಪಲ್ಲಿನ ಒಂದೆರಡು ಎಲೆ ಆಗತಾನೆ ಕೆಂಪೇರುತ್ತಿದ್ದವು. ಸುಶೀಲಮ್ಮ ಅಂಗಳದ ಉದ್ದಕ್ಕೂ ಹಣತೆ ಇಡುತ್ತ, ವಾಲುತ್ತ ಏಳುತ್ತ ಬಂದು, ಗಂಡ ತಮ್ಮನ್ನೇ ನೋಡುತ್ತಿರುವುದನ್ನು ಕಂಡು ನಿಂತರು.

"ಏನ ನೋಡಾಕತ್ತೀರಿ, ಕಾಲು?"

"ಅಲ್ಲ. ನಿನ್ನ."

ಮುರಿದದ್ದನ್ನು ಕೂಡಿಸುವ ಜನ ಲೋಕಕ್ಕೆ ಬೇಕೇ ಬೇಕು. ಅವರಿಲ್ಲದಿದ್ದರೆ ನಾವೆಲ್ಲ ಎಂದೋ ಹಾಸಿಗೆ ಹಿಡಿಯುತ್ತಿದ್ದೆವು. ಆದರೆ ಅವರ ಪ್ರೀತಿ ಮೊದಲು ಕೈಗೆ ಬರುತ್ತದೆ, ಕಣ್ಣಿಗೆ ಇಳಿಯಲು ಒಂದು ಆಯುಷ್ಯವೇ ಹಿಡಿಯುತ್ತದೆ. ಅಷ್ಟು ಕಾಲ ಅವರ ಪಕ್ಕದಲ್ಲಿ ತನ್ನ ನಡಿಗೆಯಲ್ಲೇ ನಡೆಯುತ್ತ ಯಾರೋ ಒಬ್ಬರು ಕಾದಿರುತ್ತಾರೆ.