ಕೆಂಪಿಗೆ ಸಕ್ಕರೆ ಕೊಟ್ಟವರು ಯಾರು?

ಬೆಳಗಿನ ಮಂಜು ಬೀದಿ ಬಿಟ್ಟು ಹೋಗುವ ಮೊದಲೇ ಟಕ್ ಟಕ್ ಅಂತ ಗೊರಸಿನ ಸದ್ದು ಕೇಳಿಸುತ್ತದೆ. ಲಾಂಡ್ರಿಯ ಗಾಡಿ ಬಂತು ಅಂತ ಅರ್ಥ. ಎಳೆಯುವವಳು ಕೆಂಪಿ ಎಂಬ ಹೆಣ್ಣುಕುದುರೆ. ಮೇಲೆ ಕೂತವನು ತೂಕಡಿಕೆ ಮಾವ. ಲಗಾಮು ಕೈಯಲ್ಲಿರುವುದೇನೋ ನಿಜ, ಆದರೆ ಗದ್ದ ಎದೆಗೆ ತಾಗಿರುತ್ತದೆ. ಇಸ್ತ್ರಿ ಬಟ್ಟೆಯ ಬೆಚ್ಚನೆ ವಾಸನೆ, ಗಾಲಿಯ ಜೋಗುಳ, ನಿದ್ದೆಗೆ ಇನ್ನೇನು ಬೇಕು ಹೇಳಿ! ಕೆಂಪಿ ತಾನಾಗಿಯೇ ಪ್ರತಿ ಬಾಗಿಲಲ್ಲಿ ನಿಲ್ಲುತ್ತಾಳೆ. ಮನೆಯವರು ತಮ್ಮ ಗಂಟು ತಾವೇ ಇಳಿಸಿಕೊಳ್ಳುತ್ತಾರೆ. ಹನ್ನೆರಡು ವರ್ಷದಿಂದ ಹೀಗೇ ನಡೆದಿದೆ.

ಈಚೆಗೆ ಮಾತ್ರ ಕೆಂಪಿಯ ಹೆಜ್ಜೆ ಮಂದವಾಗಿತ್ತು. ಕುತ್ತಿಗೆಯ ಮೇಲೆ ಕೊಬ್ಬು ದಿಂಬಿನಂತೆ ಗಟ್ಟಿಯಾಗಿ ಉಬ್ಬಿತ್ತು. ಗೊರಸಿನ ಮೇಲೆ ಬಳೆಬಳೆಯಾಗಿ ಗೆರೆ ಮೂಡಿತ್ತು. ಮಾವನಿಗೆ ಯಾಕೋ ಮನಸ್ಸು ತಡೆಯಲಿಲ್ಲ. ಪಶು ಆಸ್ಪತ್ರೆಗೆ ಕರೆದುಕೊಂಡು ಹೋದ.

ಡಾಕ್ಟರಮ್ಮ ಗೊರಸು ಸವರಿ ನೋಡಿದರು. "ಇವಳ ರಕ್ತದಲ್ಲಿ ಸಕ್ಕರೆ, ಇನ್ಸುಲಿನ್ ಎರಡೂ ಪರೀಕ್ಷೆ ಮಾಡ್ಬೇಕು ಮಾವ."

"ಕುದುರೆಗೂ ಸಕ್ಕರೆ ಪರೀಕ್ಷೆನಾ? ಚೆನ್ನಾಗಿದೆ! ನಾಳೆ ಕನ್ನಡಕಾನೂ ಹಾಕಿಸಿ!"

"ನಗಬೇಡಿ. ತಿಂದ ಸಿಹಿನ ಇವಳ ಮೈ ಸಂಭಾಳಿಸ್ತಿಲ್ಲ ಅಂತ ನನ್ನ ಅನುಮಾನ. ಹಾಗೇ ಬಿಟ್ರೆ ಗೊರಸಿನ ಒಳಗೆ ಉರಿಯೂತ ಬರುತ್ತೆ, ಒಳಗಿನ ಮೂಳೆ ಜಾರಬಹುದು. ಆಮೇಲೆ ಇವಳು ನಿಲ್ಲೋದೂ ಕಷ್ಟ."

ಮಾವನ ನಗು ಅಲ್ಲೇ ಇಂಗಿತು. "ನನ್ನ ಹೆಂಡತಿ ಹತ್ರ ಸಕ್ಕರೆ ನೋಡೋ ಮೀಟರ್ ಇದೆ. ಅದರಲ್ಲೇ ನೋಡಿಬಿಡ್ಲಾ?"

"ಅದು ಮನುಷ್ಯರ ರಕ್ತಕ್ಕೆ ಮಾಡಿದ್ದು. ಕುದುರೆಗೆ ಸರಿಯಾದ ಅಂಕಿ ತೋರಿಸುತ್ತೆ ಅಂತ ನಂಬೋ ಹಾಗಿಲ್ಲ. ನಾಳೆ ಗಾಡಿ ಸುತ್ತು ಮುಗಿಸಿ ಇಲ್ಲಿಗೇ ಬನ್ನಿ. ಇವತ್ತು ರಾತ್ರಿ ಸ್ವಲ್ಪ ಒಣಹುಲ್ಲು, ನೀರು. ಬೇರೇನೂ ಬಾಯಿಗೆ ಹೋಗಕೂಡದು."

ಹೆಂಡತಿ ಗಾಬರಿಯಾಗುತ್ತಾಳೆ ಎಂದು ಮಾವ ಮನೆಯಲ್ಲಿ ಬಾಯಿ ಬಿಡಲಿಲ್ಲ. ಹೇಳಿದ ಹಾಗೆ ಮಾಡಿದ, ಮರುದಿನ ಪರೀಕ್ಷೆಗೆ ಕೆಂಪಿಯ ರಕ್ತ ಕೊಡಿಸಿದ. ಡಾಕ್ಟರಮ್ಮ ಅಂಕಿ ನೋಡಿ ಹುಬ್ಬುಗಂಟಿಕ್ಕಿದರು.

"ಇದು ಈಗ ತಾನೇ ಸಿಹಿ ತಿಂದ ಕುದುರೆ ರಕ್ತ. ಇದರಿಂದ ಕಾಯಿಲೆ ಇದೆ ಅಂತಲೂ ಹೇಳಕ್ಕಾಗಲ್ಲ, ಇಲ್ಲ ಅಂತಲೂ ಹೇಳಕ್ಕಾಗಲ್ಲ. ಏನು ಕೊಟ್ರಿ?"

"ಆಣೆ ಮಾಡಿ ಹೇಳ್ತೀನಿ, ಏನೂ ಕೊಟ್ಟಿಲ್ಲ! ದಾರಿಯುದ್ದಕ್ಕೂ ಜೊತೆಗೇ ಇದ್ದೆ."

"ಜೊತೆಗೆ ಇದ್ರಿ ಸರಿ. ಎಚ್ಚರ ಇದ್ರಾ?"

ಮಾವನ ಕಿವಿ ಕೆಂಪಾಯಿತು. ಎರಡು ದಿನ ಬಿಟ್ಟು ಮತ್ತೆ ಬರುತ್ತೇನೆ ಎಂದು ಹೇಳಿ ಹೊರಟ.

ಮರುದಿನ ಗಾಡಿಯ ಮೇಲೆ ಗದ್ದ ಎದೆಗಿಟ್ಟು ಕೂತ. ಕಣ್ಣು ಮಾತ್ರ ಅರೆ ತೆರೆದಿತ್ತು. ಹನ್ನೆರಡು ವರ್ಷದಲ್ಲಿ ತಾನು ಕಾಣದ ಬೀದಿ ಕನಸಿನ ಹಾಗೆ ಎದುರಿಗೆ ತೆರೆದುಕೊಂಡಿತು. ಮಂಜಿನೊಳಗೆ ಬಾಗಿಲು ಮೆಲ್ಲಗೆ ಸರಿಯಿತು, ಒಂದು ಕೈ ಹೊರಬಂತು, ಅಂಗೈಯಲ್ಲಿ ಕಲ್ಲುಸಕ್ಕರೆ. ಅದು ದರ್ಜಿಯ ಕೈ.

"ಶ್, ಮಾವ ಮಲಗಿದ್ದಾರೆ. ಅಲುಗಿಸ್ಬೇಡ ತಾಯಿ."

ಮುಂದಿನ ಬಾಗಿಲಲ್ಲಿ ಶಾಲೆಯ ಮೇಡಂ ಬಿಸ್ಕತ್ತು ಕೊಟ್ಟರು. "ತಿರುವಿನಲ್ಲಿ ಹುಷಾರು, ಕೆಂಪಿ." ಗೇಟಿನ ಕಾವಲುಗಾರ ಚಹಾದಲ್ಲಿ ಅದ್ದಿದ ಬನ್ನು ಹಿಡಿದ. ಬಾಗಿಲಾದ ಮೇಲೆ ಬಾಗಿಲು, ಕೈಯಾದ ಮೇಲೆ ಕೈ, ಎಲ್ಲರದೂ ಪಿಸುಮಾತು. ಇನ್ನೂ ಯಾರ್ಯಾರಿದ್ದಾರೋ ನೋಡೋಣ ಎಂದು ಮಾವ ಅಲುಗಾಡದೆ ಕೂತಿದ್ದ.

ಕೊನೆಗೆ ಮನೆ ಬಂತು. ಒಳಗಿಂದ ಅವನ ಹೆಂಡತಿಯೇ ಚಮಚದ ತುಂಬ ಸಕ್ಕರೆ ಹಿಡಿದು ಬಂದಳು. "ಇವತ್ತೂ ನನ್ನ ಯಜಮಾನನ್ನ ಬೀಳಿಸದೆ ಕರ್ಕೊಂಡು ಬಂದೆಯಲ್ಲ, ತಗೋ ನನ್ನವ್ವ."

ಮಾವನಿಗೆ ತಡೆಯಲಾಗಲಿಲ್ಲ. "ಕೊಡಬೇಡ ಕಣೇ!"

"ಅಯ್ಯೋ! ಎಚ್ಚರ ಇದ್ದೀರಾ?"

ಮಾವ ಗಾಡಿಯಿಂದಿಳಿದು ಕೆಂಪಿಯ ಕುತ್ತಿಗೆ ತಬ್ಬಿ ಅತ್ತುಬಿಟ್ಟ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದ.

"ಒಂದು ಚಮಚ ಸಕ್ಕರೆಗೆ ಏನಾಗುತ್ರೀ?" ಎಂದಳು ಹೆಂಡತಿ.

"ಒಂದು ಚಮಚ ನಿನ್ನದು. ಉಳಿದ ಹದಿನಾಲ್ಕು ಬಾಗಿಲಿಂದು? ನಾನು ನಿದ್ದೆ ಹೊಡೆದೆ, ನೀವೆಲ್ಲ ಅದಕ್ಕೆ ಇವಳಿಗೆ ಬಹುಮಾನ ಕೊಟ್ರಿ. ಪಾಪ, ಅನುಭವಿಸ್ತಿರೋಳು ಇವಳು."

ಹೆಂಡತಿಯ ಕೈಯಲ್ಲಿದ್ದ ಚಮಚ ಕೆಳಗಿಳಿಯಿತು. ಆ ಮಧ್ಯಾಹ್ನವೇ ಗಂಡಹೆಂಡಿರು ಹದಿನಾಲ್ಕು ಬಾಗಿಲನ್ನೂ ತಟ್ಟಿ ಬಂದರು. ಮುನಿಸಿಕೊಂಡವಳು ದರ್ಜಿಯ ತಾಯಿ ಒಬ್ಬಳೇ, ಅದೂ ಸಂಜೆಯವರೆಗೆ ಮಾತ್ರ.

ಈ ಸಲ ಪರೀಕ್ಷೆ ಸರಿಯಾಗಿ ನಡೆಯಿತು. ಮೈ ಸಿಹಿಯನ್ನು ಹೇಗೆ ಸಂಭಾಳಿಸುತ್ತದೆ ಎಂದು ನೋಡಲು ಡಾಕ್ಟರಮ್ಮ ತಾವೇ ಅಳತೆ ಮಾಡಿ ಸಕ್ಕರೆ ಪಾಕ ಕುಡಿಸಿ, ಒಂದು ಗಂಟೆ ಬಿಟ್ಟು ರಕ್ತ ತೆಗೆದರು. ಸಕ್ಕರೆ ಅಂಶ ತೀರಾ ಹೆಚ್ಚಿರಲಿಲ್ಲ, ಇನ್ಸುಲಿನ್ ಮಾತ್ರ ಜಿಗಿದಿತ್ತು. "ಸಕ್ಕರೆ ಒಂದನ್ನೇ ನೋಡಿದ್ರೆ ಈ ಕಾಯಿಲೆ ಕಣ್ತಪ್ಪಿಹೋಗ್ತಿತ್ತು. ಬೇಗ ಸಿಕ್ಕಿದೆ, ಹೆದರಬೇಡಿ," ಎಂದರು. ನೀರಲ್ಲಿ ನೆನೆಸಿ ಬಸಿದ ಒಣಹುಲ್ಲು, ದಿನಾ ನಡಿಗೆ, ಹೊತ್ತಿಗೆ ಸರಿಯಾಗಿ ಗೊರಸು ಕತ್ತರಿಸುವುದು, ಸಿಹಿ ಪೂರ್ತಿ ಬಂದ್. ಮೂರು ತಿಂಗಳ ಮೇಲೆ ಮತ್ತೆ ನೋಡಿದಾಗ ಇನ್ಸುಲಿನ್ ಇಳಿದಿತ್ತು.

ಕೆಂಪಿ ಈಗಲೂ ಪ್ರತಿ ಬಾಗಿಲಲ್ಲಿ ನಿಲ್ಲುತ್ತಾಳೆ, ತುಟಿ ಮುಂದೆ ಚಾಚುತ್ತಾಳೆ. ಮಂಜಿನೊಳಗಿಂದ ಬರಿಗೈ ಬಂದು ಹಣೆ ಕೆರೆಯುತ್ತದೆ. ಅವಳಿಗೆ ಅಷ್ಟೇ ಸಾಕು, ಕಣ್ಣು ಮುಚ್ಚಿ ನಿಂತುಬಿಡುತ್ತಾಳೆ. ಪಕ್ಕದಲ್ಲಿ ಲಗಾಮು ಹಿಡಿದು ನಡೆಯುವವನು ಮಾವ.

ನಿಮ್ಮ ಮನೆಯಲ್ಲೂ ಕುದುರೆಯಿದೆಯೇ? ಕುತ್ತಿಗೆ ಉಬ್ಬಿದ್ದರೆ, ಗೊರಸಲ್ಲಿ ಗೆರೆ ಕಂಡರೆ, ಹೆಜ್ಜೆ ಮಂದವಾದರೆ ಇವತ್ತೇ ಪಶುವೈದ್ಯರಿಗೆ ತೋರಿಸಿ, ಸಕ್ಕರೆ ಮತ್ತು ಇನ್ಸುಲಿನ್ ಪರೀಕ್ಷೆ ಕೇಳಿ. ಪರೀಕ್ಷೆಗೆ ಮುಂಚೆ ವೈದ್ಯರು ಹೇಳಿದ್ದನ್ನು ಬಿಟ್ಟು ಬೇರೇನೂ ತಿನ್ನಿಸಬೇಡಿ. ನೀವೊಬ್ಬರು ಪಾಲಿಸಿದರೆ ಸಾಲದು, ಮನೆಯವರಿಗೂ ನೆರೆಯವರಿಗೂ ತಿಳಿಸಿ. ಹನ್ನೆರಡು ವರ್ಷ ಕೆಂಪಿ ಒಬ್ಬ ನಿದ್ದೆಗಾರನನ್ನು ಜೋಪಾನವಾಗಿ ಮನೆಗೆ ತಂದಳು. ಎಚ್ಚರವಾಗಿರುವ ಸರದಿ ಈಗ ಅವನದು, ನಿಮ್ಮದೂ.